ಇನ್‌ಕ್ಯುಬೇಟರಿಗೆ ಇಟ್ಟ ಕುಂಕುಮ

“ಬಾಗಲಾ ಹಾಕ್ರೀ!”

ಇಂದುಮತಿಯ ಕೂಗಿಗೆ ಇನ್‌ಕ್ಯುಬೇಟರಿನ ಮುಂದೆ ನಿಂತಿದ್ದವನು ಬೆಚ್ಚಿಬಿದ್ದ. ತಾನು ಕೂಗಿದ್ದು ಕನ್ನಡದಲ್ಲಿ ಎನ್ನುವುದು ಅವಳ ಗಮನಕ್ಕೂ ಬರಲಿಲ್ಲ. ಹುಟ್ಟಿ ಬೆಳೆದದ್ದೆಲ್ಲ ಕೋಲ್ಕತ್ತೆ. ಬಸ್ಸಿನಲ್ಲಿ ಬಂಗಾಳಿ, ಲ್ಯಾಬಿನಲ್ಲಿ ಇಂಗ್ಲಿಷ್... ಆದರೆ ಸಿಟ್ಟು ಬಂದಾಗ ಮಾತ್ರ ಬಾಯಿಗೆ ಬರುವುದು ಅಪ್ಪನ ಧಾರವಾಡ!

ಸಿಟ್ಟು ಬರದೇ ಇರುತ್ತದೆಯೇ? ಆ ಪೆಟ್ಟಿಗೆಯೊಳಗೆ ಅವಳ ಜೀವವೇ ಇತ್ತು. ಮನುಷ್ಯನ ಚರ್ಮದಿಂದ ತೆಗೆದ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಅಂಗೈಯಷ್ಟು ತಟ್ಟೆಗಳಲ್ಲಿ, ಮೈಯಷ್ಟೇ ಬಿಸುಪಿನಲ್ಲಿ ಬೆಳೆಯುತ್ತಿದ್ದವು. ಬಾಗಿಲು ತೆರೆದಿಟ್ಟಷ್ಟು ಹೊತ್ತೂ ಅವಕ್ಕೆ ಚಳಿ. ಇವನೋ, ಫ್ರಿಜ್ಜಿನಲ್ಲಿ ನಿನ್ನೆಯ ಸಾರು ಹುಡುಕುವವನ ಹಾಗೆ ನಿಂತಿದ್ದ!

“ಮಂಗ್ಯಾನಂಗ ನಿಂತಾನ ನೋಡು...” ಎಂದು ಗೊಣಗುತ್ತ ಅವಳು ಧಾವಿಸಿ ಬಂದಳು.

ಅವನು ತಿರುಗಿದ. ಮುಖದ ಮೇಲೆ ಮಾಸ್ಕ್, ತಲೆಗೆ ಟೋಪಿ. ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಆ ಕಣ್ಣುಗಳು ನಗುತ್ತಿದ್ದವು.

“ಮಂಗ ಅಂದ್ರೂ ಬೇಜಾರಿಲ್ಲ ಮೇಡಂ. ಈ ಬಾಗಿಲು ಹಾಕ್ಕೊಳ್ತಾನೇ ಇಲ್ಲ, ಅದಕ್ಕೇ ಒದ್ದಾಡ್ತಿದೀನಿ. ಹೇಗೆ ಮುಚ್ಚೋದು ಅಂತ ಹೇಳ್ಕೊಡ್ತೀರಾ?”

ಕನ್ನಡ! ಅದೂ ಇಷ್ಟು ಮೆತ್ತಗಿನ ಕನ್ನಡ!

ಇಂದುಮತಿಯ ಕಿವಿಯ ತುದಿ ಬಿಸಿಯಾಯಿತು. ‘ಅಯ್ಯೋ ದೇವರೇ... ಕೇಳಿಸಿಕೊಂಡುಬಿಟ್ಟ!’ ಏನೂ ಆಗದವಳಂತೆ ಕೈ ಚಾಚಿ ಹಿಡಿಕೆಯನ್ನು ಹಿಡಿದಳು.

“ಸ್ವಲ್ಪ ಎತ್ತಬೇಕ್ರೀ. ಎತ್ತಿ ಒತ್ತಬೇಕು. ಹಿಂಗ...”

ಅವನ ಕೈ ಇನ್ನೂ ಅಲ್ಲೇ ಇತ್ತು. ಇಬ್ಬರ ಕೈಗೂ ಗ್ಲೌಸ್. ಆದರೂ ಆ ಬಿಸುಪು ಅವಳಿಗೆ ತಿಳಿಯಿತು. ಬಾಗಿಲು ಟಪ್ಪೆಂದು ಮುಚ್ಚಿಕೊಂಡಿತು.

ಅವನ ಹೆಸರು ಋಷಿಕೇಶ್, ಊರು ಮೈಸೂರು. ಗಾಯ ಹೇಗೆ ಮಾಯುತ್ತದೆ ಎಂದು ಸಂಶೋಧನೆ ಮಾಡಲು ಡಿಸೆಂಬರಿನವರೆಗೆ ಇಲ್ಲಿಗೆ ಬಂದಿದ್ದ. ಬೇಕಾದರೆ ಇನ್ನೆರಡು ವರ್ಷ ಮುಂದುವರಿಸಬಹುದು. ಆದರೆ ಇರುತ್ತೇನೋ ಹೋಗುತ್ತೇನೋ ಎಂದು ದೀಪಾವಳಿಯ ಕಾಳಿಪೂಜೆ ಮುಗಿಯುವುದರೊಳಗೆ ಲ್ಯಾಬಿನ ಮುಖ್ಯಸ್ಥೆ ಮಿತಾಲಿದೀಗೆ ಹೇಳಿಬಿಡಬೇಕು. ಮೈಸೂರಿನ ಒಂದು ಕಾಲೇಜು ಅವನನ್ನು ಕರೆಯುತ್ತಲೂ ಇತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ನಮ್ಮ ಇಂದುಮತಿಯ ನಿದ್ದೆ ಕೆಡಿಸುವ ಮಾತು ಇದೇ.

ಅವಳ ಕೆಲಸವನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ಚರ್ಮ ಒಂದು ಮಹಡಿ ಮನೆ ಅಂದುಕೊಳ್ಳಿ. ನೆಲಮಹಡಿಯಲ್ಲಿ ಆಕರಕೋಶಗಳ ಸಂಸಾರ. ನೆಲವನ್ನು ಗಟ್ಟಿಯಾಗಿ ಹಿಡಿದುಕೊಂಡಿರುವಷ್ಟು ಕಾಲ ಅವು ಎಳೆಯವು. ಒಂದು ಎರಡಾಗುತ್ತ ಇರುತ್ತವೆ. ನೆಲದ ಹಿಡಿತ ಬಿಟ್ಟು ಮೇಲೆ ಹತ್ತಿದವೋ, ಅಲ್ಲಿಗೆ ಬಾಲ್ಯ ಮುಗಿಯಿತು. ಒಂದೊಂದು ಮಹಡಿ ಏರಿದಂತೆ ಚಪ್ಪಟೆಯಾಗುತ್ತ, ಗಟ್ಟಿಯಾಗುತ್ತ, ಕೊನೆಗೆ ಬಿಸಿಲು ಧೂಳಿನಿಂದ ಮೈ ಕಾಯುವ ಹೊರಪದರವಾಗಿ, ಕೆಲಸ ಮುಗಿಸಿ ಉದುರಿಹೋಗುತ್ತವೆ. ಹಾಗೆ ಹತ್ತಿ ಹೋದವು ಮತ್ತೆ ಇಳಿದು ಬರುವುದಿಲ್ಲ.

ಹತ್ತು ಎಂದು ಅವಕ್ಕೆ ಹೇಳುವವರು ಯಾರು? ಇಂದುಮತಿಯ ಪ್ರಶ್ನೆ ಅದೇ. ಕ್ಯಾಲ್ಸಿಯಂ ಹೆಚ್ಚಾದರೆ ಹತ್ತುತ್ತವೆ. ತಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಗಿಜಿಗುಟ್ಟಿದರೂ ಹತ್ತುತ್ತವೆ. ಆದ್ದರಿಂದ ತುಂಬುವ ಮೊದಲೇ ಅವನ್ನು ಬಿಡಿಸಿ ಹೊಸ ತಟ್ಟೆಗಳಿಗೆ ಹಂಚಬೇಕು. ತಡವಾಯಿತೋ, ಅವು ದೊಡ್ಡವಾಗಿಬಿಡುತ್ತವೆ!

ಇಂಥ ಕೂಸುಗಳನ್ನು ಸಾಕುತ್ತಿದ್ದವಳಿಗೆ ಜೊತೆಗೊಬ್ಬ ಕನ್ನಡದವನು ಸಿಕ್ಕ. ಆಮೇಲೆ ಕೇಳಬೇಕೆ?

ಶನಿವಾರ ಲೇಕ್ ಮಾರ್ಕೆಟ್‌ನಲ್ಲಿ ಅಪ್ಪ ಕಲ್ಲಪ್ಪನವರ ಜೊತೆ ಕರಿಬೇವು, ಕಾಫಿಪುಡಿ ಕೊಳ್ಳುವಾಗ ಅವನೂ ಅಲ್ಲಿರುತ್ತಿದ್ದ. ಕಲ್ಲಪ್ಪನವರು ರೈಲ್ವೆಯಲ್ಲಿ ಎಂಜಿನ್ ಡ್ರೈವರ್ ಆಗಿ ನಿವೃತ್ತರಾದವರು. ಮನೆಗೆ ಕರೆದು, ಹೆಂಡತಿ ಪಾರ್ವತಿ ಬಡಿದ ಜೋಳದ ರೊಟ್ಟಿ ಬಡಿಸಿದರು.

“ಇದನ್ನ ಹೇಗೆ ಮುರೀಬೇಕು?” ಎಂದು ಋಷಿಕೇಶ್ ಗರಿಗರಿಯಾದ ಕಟಕ ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಕೇಳಿದಾಗ ಇಡೀ ಮನೆ ನಕ್ಕಿತು.

“ಎತ್ತಿ ಒತ್ರೀ!” ಎಂದಳು ಇಂದುಮತಿ.

ಅವನು ಅವಳನ್ನೇ ನೋಡಿದ. ಆ ನೋಟಕ್ಕೆ ಅವಳ ನಗು ಅರ್ಧಕ್ಕೇ ನಿಂತಿತು. ‘ಇದೇನಿದು... ಎದೆಯೊಳಗೆ ಏನೋ ಹತ್ತಾಕತ್ತೈತಲ್ಲ!’

ಆಮೇಲೆ ಬಂತು ದುರ್ಗಾಪೂಜೆ.

ಊರಿಗೆ ಊರೇ ಬೀದಿಯಲ್ಲಿತ್ತು. ಲ್ಯಾಬಿಗೂ ರಜೆ. ಆದರೆ ಕೋಶಗಳಿಗೆ ಯಾವ ರಜೆ? ನವಮಿಯ ಹೊತ್ತಿಗೆ ಅವಳ ತಟ್ಟೆಗಳು ತುಂಬುವ ಲೆಕ್ಕ. ಅವತ್ತೇ ಮನೆಯಲ್ಲಿ ಆಯುಧಪೂಜೆ, ದಕ್ಷಿಣೇಶ್ವರದ ಕಡೆಯಿಂದ ನೆಂಟರು ಬೇರೆ.

“ನಾನು ಹಂಚ್ತೀನಿ ಬಿಡಿ. ನವಮಿ ಮಧ್ಯಾಹ್ನ ಬರ್ತೀನಿ,” ಎಂದ ಋಷಿಕೇಶ್.

“ಮರೀಬ್ಯಾಡ್ರಿ. ಈ ಚರ್ಮ ಕೊಟ್ಟವರು ಆಸ್ಪತ್ರೆ ಬಿಟ್ಟು ಊರಿಗೆ ಹೋದ್ರು. ಮತ್ತ ಇಂಥಾದ್ದು ಸಿಗಬೇಕಂದ್ರ ನನ್ನ ಪಿಎಚ್‌ಡಿ ಮುದುಕಿ ಆಗ್ತೈತಿ.”

“ನಿಮ್ಮ ಕೂಸುಗಳು ನನ್ನ ಕೂಸುಗಳು,” ಎಂದವನು ತಾನೇ ಕೆಂಪಾದ. ಅವಳೂ ಕೆಂಪಾದಳು!

ನವಮಿಯ ಬೆಳಿಗ್ಗೆ ಮನೆಯಲ್ಲಿ ಕಲ್ಲಪ್ಪನವರು ತಮ್ಮ ಹಳೆಯ ಟಾರ್ಚಿಗೆ, ಸ್ಪ್ಯಾನರಿಗೆ ಪೂಜೆ ಮಾಡಿದರು. ಅದನ್ನು ನೋಡುತ್ತ ನಿಂತಿದ್ದ ಇಂದುಮತಿಗೆ ತಡೆಯಲಾಗಲಿಲ್ಲ. ‘ನನ್ನ ಆಯುಧ ಅಲ್ಲಿ ಬರೇ ಹಣೀಲೆ ಕುಂತೈತಲ್ಲ!’ ಚೀಟಿಯಲ್ಲಿ ಕುಂಕುಮ, ಕರವಸ್ತ್ರದಲ್ಲಿ ಒಂದು ಚೆಂಡುಹೂವು ಕಟ್ಟಿಕೊಂಡು ಲ್ಯಾಬಿಗೆ ಓಡಿದಳು. ಇನ್‌ಕ್ಯುಬೇಟರಿನ ಬಾಗಿಲಿಗೆ ಕುಂಕುಮ ಇಟ್ಟಳು, ಮೇಲೆ ಹೂವಿಟ್ಟಳು, ಕೈ ಮುಗಿದಳು. ಬಂದಷ್ಟೇ ಬೇಗ ಹೊರಟಳು.

ಅದು ಮಾಡಬಾರದ ಕೆಲಸ. ಆ ಕೋಣೆಯೊಳಗೆ ಹೂವು, ಹಣ್ಣು, ಪುಡಿ ಏನೂ ಬರಕೂಡದು. ಒಂದು ಕಣ ಬೂಷ್ಟು ಸೇರಿದರೂ ಎಲ್ಲರ ತಟ್ಟೆಗಳೂ ಹಾಳು. ಹಿಂದೆ ಹೂವು ತಂದ ಒಬ್ಬ ವಿದ್ಯಾರ್ಥಿಯನ್ನು ಮಿತಾಲಿದೀ ತಿಂಗಳುಗಟ್ಟಲೆ ಆ ಕೋಣೆಯ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಇಂದುಮತಿಗೆ ಅದು ಗೊತ್ತಿತ್ತು. ಹೊರಗಿನ ಬಾಗಿಲಿಗೆ ಚಿಟಿಕೆಯಷ್ಟು, ಯಾರಿಗೆ ಗೊತ್ತಾಗ್ತೈತಿ ಎಂದುಕೊಂಡಿದ್ದಳು.

ಏಕಾದಶಿಯ ಬೆಳಿಗ್ಗೆ ಲ್ಯಾಬ್ ತೆರೆಯಿತು. ಇಂದುಮತಿ ಕುಣಿಯುತ್ತಲೇ ಬಂದಳು. ಬ್ಯಾಗಿನಲ್ಲಿ ನಾಲ್ಕು ಬನ್ನಿ ಎಲೆ ಇದ್ದವು. ದಸರೆಯ ದಿನ ಧಾರವಾಡದ ಕಡೆ ಬನ್ನಿ ಕೊಟ್ಟು ‘ಬಂಗಾರದಂಗ ಇರೋಣ’ ಎನ್ನುತ್ತಾರೆ. ಒಂದು ದಿನ ತಡವಾದರೇನು, ಅವನಿಗೆ ಕೊಡಬೇಕು!

ಒಳಗೆ ಋಷಿಕೇಶ್ ಆಗಲೇ ನಿಂತಿದ್ದ. ಕೋಣೆಯಲ್ಲಿ ಸ್ಪಿರಿಟ್ಟಿನ ವಾಸನೆ. ಇನ್‌ಕ್ಯುಬೇಟರ್ ಥಳಥಳ ಹೊಳೆಯುತ್ತಿತ್ತು. ಇಂದುಮತಿಯ ಹಿಂದೆಯೇ ಮಿತಾಲಿದೀ ಕೂಡ ಒಳಗೆ ಬಂದರು.

ಇಂದುಮತಿ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ನೋಡಿದಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು.

ಒಂದರ ಮೇಲೊಂದು ಪದರ! ಎಳೆಯ ದುಂಡು ಕೋಶಗಳ ಬದಲು ಚಪ್ಪಟೆಯಾದ, ಬಲಿತ ಕೋಶಗಳು ಹಾಸಿಕೊಂಡು ಮಲಗಿದ್ದವು. ಹಂಚಿಯೇ ಇರಲಿಲ್ಲ. ಜಾಗ ಸಾಲದೆ ಎಲ್ಲವೂ ಮಹಡಿ ಹತ್ತಿಬಿಟ್ಟಿದ್ದವು!

“ನೀವು... ನವಮಿ ದಿನ ಬರಲೇ ಇಲ್ಲ?” ಅವಳು ತಟ್ಟೆ ಬಿಟ್ಟು ಅವನ ಕಡೆ ತಿರುಗಿದಳು.

“ಬಂದಿದ್ದೆ.”

“ಬಂದು?”

ಋಷಿಕೇಶ್ ಅವಳನ್ನು ನೋಡಿದ. ಅವಳ ಬೆನ್ನ ಹಿಂದೆ ನಿಂತ ಮಿತಾಲಿದೀಯನ್ನು ನೋಡಿದ. ಏನೋ ಹೇಳಲು ತೆರೆದ ಬಾಯನ್ನು ಮುಚ್ಚಿದ.

“ಹಂಚಲಿಲ್ಲ. ತಪ್ಪಾಯ್ತು.”

ಅಷ್ಟೇ!

ಇಂದುಮತಿಗೆ ನವಮಿ ಸಂಜೆ ಲ್ಯಾಬಿನ ಗುಂಪಿನಲ್ಲಿ ಬಂದ ಫೋಟೊ ನೆನಪಾಯಿತು. ಗರಿಯಾಹಾಟ್‌ನ ಪೆಂಡಾಲಿನ ಮುಂದೆ ಎಗ್ ರೋಲ್ ಹಿಡಿದು ಹಲ್ಲು ಕಿರಿಯುತ್ತ ನಿಂತಿದ್ದ ಮಹಾಶಯ!

“ಪೆಂಡಾಲಿನ್ಯಾಗ ದೇವಿ ನೋಡಾಕ ಟೈಮ್ ಇತ್ತು, ನನ್ನ ಕೆಲಸಕ್ಕ ಇರಲಿಲ್ಲ ಅಲ್ಲ? ನಿಮ್ಮನ್ನ ನಂಬಿದ್ದು ನನ್ನ ತಪ್ಪು!”

ಕಣ್ಣೀರು ಮಾಸ್ಕಿನೊಳಕ್ಕೆ ಇಳಿಯಿತು. ಬನ್ನಿ ಎಲೆ ಬ್ಯಾಗಿನಲ್ಲೇ ಉಳಿಯಿತು.

ಆಮೇಲಿನ ದಿನಗಳು ಬಲು ಉದ್ದ. “ಇಂದುಮತಿ, ಎರಡು ನಿಮಿಷ...” ಎಂದು ಅವನು ಬಂದಾಗ ಅವಳು ಫೋನ್ ಕಿವಿಗಿಟ್ಟುಕೊಂಡು ಹೊರಟುಹೋದಳು. ಇನ್ನೊಮ್ಮೆ ಬಂದಾಗ, “ಕೆಲಸದ ಮಾತಿದ್ರ ಮಿತಾಲಿದೀಗೆ ಹೇಳ್ರಿ,” ಎಂದಳು. ಮೂರನೆಯ ಸಲ ಅವನು ಬರಲಿಲ್ಲ. ಬರಲಿಲ್ಲವಲ್ಲ ಎಂದು ಅವಳಿಗೆ ಇನ್ನೂ ಸಿಟ್ಟು ಬಂತು! ಹೆಣ್ಣಿನ ಸಿಟ್ಟಿಗೆ ಲೆಕ್ಕಾಚಾರ ಕೇಳಬೇಡಿ. ಅವಳಿಗೇ ಅದು ಗೊತ್ತಿರಲಿಲ್ಲ.

‘ಹೋಗಲಿ ಮೈಸೂರಿಗೆ. ನನಗೇನು?’ ಎಂದು ಹಗಲೆಲ್ಲ ಅಂದುಕೊಳ್ಳುತ್ತಿದ್ದಳು. ಲೇಕ್ ಮಾರ್ಕೆಟ್‌ಗೆ ಹೋಗುವುದನ್ನೂ ಬಿಟ್ಟಳು. ಅಪ್ಪ ಒಬ್ಬರೇ ಚೀಲ ಹಿಡಿದು ಹೋಗಿಬರುತ್ತಿದ್ದರು.

ಕಾಳಿಪೂಜೆಯ ಹಿಂದಿನ ದಿನ ಬೆಳಿಗ್ಗೆ ಕಲ್ಲಪ್ಪನವರು ಬಾಳೆಲೆಯ ಕಟ್ಟನ್ನು ಅಡುಗೆಮನೆಯಲ್ಲಿಟ್ಟು ಮಗಳ ಎದುರು ಕುಳಿತರು.

“ನಿಮ್ಮ ಮೈಸೂರ ಹುಡುಗ ಸಿಕ್ಕಿದ್ದ, ಅವ್ವಾ.”

“ನಮ್ಮವ ಯಾಕ ಆಗ್ತಾನ?”

“ಆತು, ನಮ್ಮವ ಅಲ್ಲದ ಮೈಸೂರ ಹುಡುಗ ಸಿಕ್ಕಿದ್ದ. ನಾಳೆ ನಿಮ್ಮ ಮೇಡಂಗೆ ಹೇಳ್ತಾನಂತ, ಊರಿಗೆ ಹೊಂಟೀನಿ ಅಂತ.”

ಇಂದುಮತಿ ಚಹಾದ ಕಪ್ಪನ್ನು ಕೆಳಗಿಟ್ಟಳು. ಕಲ್ಲಪ್ಪನವರು ನೋಡಿಯೂ ನೋಡದವರಂತೆ ಮುಂದುವರಿಸಿದರು.

“ಏನೇನೋ ಕೇಳ್ತಾನವಾ ಅಂವ. ‘ಸರ್, ನಿಮ್ಮನೇಲಿ ಪೂಜೆ ಆದ್ಮೇಲೆ ಆಯುಧ ಮುಟ್ತೀರಾ?’ ಅಂತ ಕೇಳಿದ. ಮುಟ್ಟದಿದ್ರ ಹೆಂಗೋ ತಮ್ಮಾ, ಎಂಜಿನ್ನಿಗೆ ಪೂಜಾ ಮಾಡಿ ನಾ ಪ್ಲಾಟ್‌ಫಾರ್ಮಿನ್ಯಾಗ ಕುಂತ್ರ ಪ್ಯಾಸೆಂಜರ್ ಬಿಡ್ತಾರೇನು? ಕುಂಕುಮ ಹಚ್ಚೋದು, ಸೀಟಿ ಊದೋದು, ಗಾಡಿ ಬಿಡೋದು! ಅಂದೆ.”

“ಅದಕ್ಕೇನಂದ್ರು?”

“ಬಾಯಿ ತಕ್ಕೊಂಡು ನಿಂತ. ಅವರ ಮನ್ಯಾಗ ಹಂಗಲ್ಲಂತ. ನವಮಿಗೆ ಪೂಜಾಕ್ಕ ಇಟ್ಟ ಆಯುಧ, ಪುಸ್ತಕ, ಒಂದೂ ಮುಟ್ಟಂಗಿಲ್ಲಂತ. ಯಾರು ಪೂಜಾ ಮಾಡಿರ್ತಾರೋ ಅವರೇ ವಿಜಯದಶಮಿಗೆ ತಗೀಬೇಕಂತ. ಅವರಪ್ಪನ ಹೊಲಿಗಿ ಮಷೀನ್ ಒಮ್ಮೆ ಮುಟ್ಟಿ ಬೆನ್ನಿಗೆ ತಿಂದಿದ್ನಂತ. ಹೇಳಿ ನಕ್ಕ. ಆದ್ರ ಕಣ್ಣಾಗ ನಗು ಇರಲಿಲ್ಲ ನೋಡವಾ. ‘ಈಗ ಅರ್ಥ ಆಯ್ತು ಸರ್’ ಅಂದು ಹೋದ.”

ಇಂದುಮತಿಗೆ ನವಮಿಯ ಬೆಳಿಗ್ಗೆ ನೆನಪಾಯಿತು.

ಬಾಗಿಲಿಗೆ ಕುಂಕುಮ... ಮೇಲೆ ಹೂವು...

ನವಮಿ ಮಧ್ಯಾಹ್ನ ಅವನು ಬಂದಿದ್ದ. ಕುಂಕುಮವನ್ನು ನೋಡಿದ್ದ. ಪೂಜೆ ಮಾಡಿದವಳು ಅವಳೇ, ಇವತ್ತು ಮುಟ್ಟಬಾರದೆಂದು ಅವಳೇ ಹೇಳಿದ ಹಾಗೆ. ದಶಮಿಗೆ ತಾನೇ ಬಂದು ತೆಗೆಯುತ್ತಾಳೆ ಎಂದುಕೊಂಡು, ಕೈ ಮುಗಿದು ಹಿಂದಿರುಗಿದ್ದ! ಅವಳೋ, ಅವನು ಹಂಚಿದ್ದಾನೆ ಎಂದು ಮನೆಯಲ್ಲಿ ಹೋಳಿಗೆ ತಿನ್ನುತ್ತಿದ್ದಳು!

ಮತ್ತೆ ಏಕಾದಶಿಯ ಬೆಳಿಗ್ಗೆ... ಆ ಸ್ಪಿರಿಟ್ ವಾಸನೆ! ಕುಂಕುಮ ಎಲ್ಲಿ ಹೋಯಿತೆಂದು ಅವಳು ಯೋಚಿಸಿಯೂ ಇರಲಿಲ್ಲ. ಮಿತಾಲಿದೀ ಕಣ್ಣಿಗೆ ಬೀಳುವ ಮೊದಲೇ ಅವನು ಒರೆಸಿದ್ದ. ಹೂವು ತೆಗೆದಿದ್ದ. ಅವರಿಗೆ ಕನ್ನಡ ಬಾರದಿದ್ದರೇನು, ಕುಂಕುಮ, ಪೂಜೆ ಎನ್ನುವ ಮಾತು ಯಾವ ಭಾಷೆಯಲ್ಲೂ ತಿಳಿಯುತ್ತದೆ; ಅವರ ಎದುರಿಗೆ ನಿಜ ಹೇಳಿದ್ದರೆ ಅವಳು ಸಿಕ್ಕಿಬೀಳುತ್ತಿದ್ದಳು. ಅದಕ್ಕೇ... ಅದಕ್ಕೇ ಬಾಯಿ ಮುಚ್ಚಿಕೊಂಡ!

‘ಎಂಥಾ ಮಾತಂದೆ ನಾನು! ನಂಬಿದ್ದೇ ತಪ್ಪು ಅಂದೆ!’

“ಅಪ್ಪಾ, ನಾ ಲ್ಯಾಬಿಗೆ ಹೋಗಿಬರ್ತೀನಿ!”

“ಚಪ್ಪಲಿ ಹಾಕ್ಕೋ,” ಎಂದರು ಕಲ್ಲಪ್ಪನವರು.

ಲ್ಯಾಬಿನಲ್ಲಿ ಅವಳು ಮೊದಲು ಹೋದದ್ದು ಋಷಿಕೇಶನ ಹತ್ತಿರವಲ್ಲ. ನೇರವಾಗಿ ಮಿತಾಲಿದೀಯ ಕೋಣೆಗೆ.

“ದೀದಿ, ತಪ್ಪು ನನ್ನದು. ಇನ್‌ಕ್ಯುಬೇಟರಿಗೆ ಹೂವು, ಕುಂಕುಮ ಇಟ್ಟದ್ದು ನಾನು. ಅದನ್ನು ನೋಡಿಯೇ ಋಷಿಕೇಶ್ ತಟ್ಟೆ ಮುಟ್ಟಲಿಲ್ಲ. ನನ್ನನ್ನು ಉಳಿಸಲು ಸುಮ್ಮನಿದ್ದರು.” ಬಂಗಾಳಿಯಲ್ಲಿ, ಒಂದೇ ಉಸಿರಿಗೆ, ಎಲ್ಲವನ್ನೂ ಹೇಳಿಬಿಟ್ಟಳು.

ಮಿತಾಲಿದೀ ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಇಡೀ ಲ್ಯಾಬ್ ಉಸಿರು ಬಿಗಿಹಿಡಿಯುತ್ತಿತ್ತು.

“ಹೂವು? ನನ್ನ ಕಲ್ಚರ್ ರೂಮಿನಲ್ಲಿ?”

“ಹೌದು ದೀದಿ...”

“ಮಾಘದ ಸರಸ್ವತಿ ಪೂಜೆಯವರೆಗೆ ನೀನು ಆ ಕೋಣೆಯೊಳಗೆ ಕಾಲಿಡಬೇಡ.”

ಇಂದುಮತಿ ತಲೆಯಾಡಿಸಿದಳು. ಆದರೂ ಮನಸ್ಸು ಹಗುರವಾಯಿತು.

“ಹೇಗೂ ಒಳಗೆ ನನ್ನದೇನೂ ಉಳಿದಿಲ್ಲ ದೀದಿ. ನನ್ನ ಕೋಶಗಳು ಹೋದವು.”

“ಹೋಗಿಲ್ಲ.”

ಬಾಗಿಲಲ್ಲಿ ಋಷಿಕೇಶ್ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ! ಮಿತಾಲಿದೀಗೆ ಅರ್ಥವಾಗಲೆಂದು ಅವನು ಇಂಗ್ಲಿಷಿನಲ್ಲಿ ಹೇಳತೊಡಗಿದ.

“ಆ ತಟ್ಟೆಯನ್ನು ನಾನು ಎಸೆಯಲಿಲ್ಲ. ಮೇಲೆ ಹತ್ತಿದವು ಹತ್ತಿದವು, ಅವನ್ನು ತೆಗೆದೆ. ಆದರೆ ಅಷ್ಟು ನೂಕುನುಗ್ಗಲಿನಲ್ಲೂ ತಳದಲ್ಲಿ ಕೆಲವು ನೆಲ ಬಿಟ್ಟಿರಲಿಲ್ಲ. ಅವನ್ನು ಬಿಡಿಸಿ ಹೊಸ ತಟ್ಟೆಗೆ ಹಾಕಿದೆ. ಮೊದಮೊದಲು ಅಲ್ಲಾಡಲಿಲ್ಲ. ಉಳಿಯುತ್ತವೋ ಇಲ್ಲವೋ ಎಂದು ಹೇಳಲು ಧೈರ್ಯ ಬರಲಿಲ್ಲ... ಈ ವಾರ ಹಬ್ಬಿವೆ.”

ಇಂದುಮತಿಯ ಕೈ ಬಾಯಿಗೆ ಹೋಯಿತು.

ಮಿತಾಲಿದೀ ಕನ್ನಡಕವನ್ನು ಮತ್ತೆ ಹಾಕಿಕೊಂಡು ಇಬ್ಬರನ್ನೂ ಒಮ್ಮೆ ನೋಡಿದರು. “ಇವಳು ಒಳಗೆ ಹೋಗುವ ಹಾಗಿಲ್ಲ. ಆ ಕೋಶಗಳನ್ನು ಸರಸ್ವತಿ ಪೂಜೆಯವರೆಗೆ ಸಾಕುವವರು ಯಾರು? ನಿನ್ನ ಅವಧಿ ಡಿಸೆಂಬರಿಗೆ ಮುಗಿಯುತ್ತದೆ. ನಾಳೆ ಉತ್ತರ ಹೇಳುತ್ತೇನೆ ಎಂದು ನೀನೇ ಅಂದಿದ್ದೆ.”

ಋಷಿಕೇಶ್ ಇಂದುಮತಿಯ ಕಡೆ ನೋಡಿದ. ಕೇಳುವುದನ್ನು ಕನ್ನಡದಲ್ಲಿ ಕೇಳಿದ.

“ಏನ್ ಹೇಳ್ಲಿ?”

ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದ ಮಾತು ಮಿತಾಲಿದೀಯ ಎದುರಿಗೇ ಹೊರಬಂತು.

“ಹೋಗಬ್ಯಾಡ್ರಿ.”

“ಕೂಸುಗಳಿಗೋಸ್ಕರನಾ?”

“ಅವಕ್ಕೂ...” ಎಂದಳು ಇಂದುಮತಿ. ಕಣ್ಣು ತುಂಬಿತ್ತು, ನಗುವೂ ಬಂದಿತ್ತು. “ನನಗೂ!”

ಕನ್ನಡದ ಒಂದಕ್ಷರ ಬಾರದ ಮಿತಾಲಿದೀ, “ಸರಿ, ಇರುತ್ತಾನೆ ಎಂದು ಬರೆದುಕೊಳ್ಳುತ್ತೇನೆ. ಇಬ್ಬರೂ ಹೊರಗೆ ನಡೆಯಿರಿ,” ಎಂದು ಕಂಪ್ಯೂಟರಿನ ಕಡೆ ತಿರುಗಿದರು.

ಸ್ವಲ್ಪ ಹೊತ್ತಿನಲ್ಲಿ ಇಂದುಮತಿ ಕಲ್ಚರ್ ರೂಮಿನ ಹೊರಗೆ, ಗಾಜಿನ ಕಿಟಕಿಯ ಬಳಿ ನಿಂತಿದ್ದಳು. ಒಳಗೆ ಋಷಿಕೇಶ್ ಮಾಸ್ಕ್, ಟೋಪಿ ಹಾಕಿಕೊಂಡು ತಟ್ಟೆಯನ್ನು ಸೂಕ್ಷ್ಮದರ್ಶಕಕ್ಕಿಟ್ಟು, ಪರದೆಯನ್ನು ಅವಳ ಕಡೆ ತಿರುಗಿಸಿದ. ದುಂಡನೆಯ ಎಳೆಯ ಕೋಶಗಳು ಒಂದನ್ನೊಂದು ಒತ್ತಿಕೊಂಡು, ಸಣ್ಣ ಸಣ್ಣ ಗುಂಪಾಗಿ ಹಬ್ಬಿದ್ದವು. ತಟ್ಟೆಯ ಮುಚ್ಚಳದ ಮೇಲೆ ಅವನ ಕೈಬರಹದಲ್ಲಿ ‘ಇಂದು’ ಎಂದು ಕನ್ನಡದಲ್ಲಿ ಬರೆದಿತ್ತು. ಅವಳು ನೋಡುತ್ತಲೇ ಇದ್ದಳು, ಗಾಜಿನ ಮೇಲೆ ಅವಳ ಉಸಿರು ಮಂಜಾಗುವವರೆಗೂ ನೋಡಿದಳು.

ಆಮೇಲೆ ಬ್ಯಾಗಿನ ತಳಕ್ಕೆ ಕೈ ಹಾಕಿದಳು. ಬನ್ನಿ ಎಲೆಗಳು ಒಣಗಿ ಸುರುಟಿದ್ದವು. ಅವನ್ನು ಅಂಗೈಯಲ್ಲಿಟ್ಟು ಗಾಜಿಗೆ ಹಿಡಿದಳು.

ಅವನು ಕೆಲಸ ಬಿಟ್ಟು ಕಿಟಕಿಯ ಬಳಿ ಬಂದ.

“ಏನಿದು?” ಗಾಜಿನ ಆಚೆಯಿಂದ ದನಿ ಸಣ್ಣಗೆ ಕೇಳಿಸಿತು.

“ಬನ್ನಿ. ನಮ್ಮ ಕಡೆ ದಸರಾಕ್ಕ ಕೊಡ್ತಾರ. ಜಗಳ ಆಡಿದವರು ಇದನ್ನ ಕೊಟ್ಟು ಒಂದಾಗ್ತಾರ. ಅವತ್ತ ತಂದಿದ್ದೆ... ಕೊಡಲಿಲ್ಲ.”

“ಒಣಗಿಹೋಗಿದೆಯಲ್ಲ?”

“ಒಣಗಿದ್ರೂ ಬನ್ನೀನ!”

ಅವನ ಕಣ್ಣುಗಳು ನಕ್ಕವು. ಮೊದಲ ದಿನ ಕಂಡ ಅದೇ ಕಣ್ಣು. “ಈಗ ನಾನು ಏನಂತ ಹೇಳಬೇಕು?”

“ಬಂಗಾರದಂಗ ಇರೋಣ, ಅನ್ನಬೇಕು.”

“ಎಷ್ಟು ದಿನ?”

ಅವಳು ನಕ್ಕಳು. ಅವನು ಗ್ಲೌಸ್ ಹಾಕಿದ ಅಂಗೈಯನ್ನು ಗಾಜಿನ ಆ ಕಡೆಯಿಂದ, ಅವಳ ಅಂಗೈಗೆ ಸರಿಯಾಗಿ ಇಟ್ಟ.

“ಇಂದು... ನಾನು ಮೊದಲ ದಿನಾನೇ ಸೋತಿದ್ದೆ. ಆ ಬಾಗಿಲು ನನಗೆ ಮುಚ್ಚೋಕೆ ಬರ್ತಿತ್ತು.”

“ಏನು? ಮತ್ತ ಯಾಕ ಬರಾಂಗಿಲ್ಲ ಅಂದ್ರಿ?”

“ಕನ್ನಡದಲ್ಲಿ ಬೈದವರು ಹತ್ತಿರ ಬಂದು ಹೇಳ್ಕೊಡ್ಲಿ ಅಂತ!”

ಇಂದುಮತಿ ಬಾಯಿ ತೆರೆದಳು. ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯಲಿಲ್ಲ. ಆಗಲೇ ಅವಳ ದೃಷ್ಟಿ ಅವನ ಹೆಗಲಾಚೆಗೆ ಹೋಯಿತು. ಅವಳ ಎಲೆ ನೋಡುವ ಆತುರದಲ್ಲಿ ಮಹಾಶಯ ಇನ್‌ಕ್ಯುಬೇಟರನ್ನು ಹಾಗೇ ಬಿಟ್ಟು ಬಂದಿದ್ದ.

“ಬಾಗಲಾ ಹಾಕ್ರೀ!”

ಅವನು ಓಡಿದ. ಹಿಡಿಕೆಯನ್ನು ಎತ್ತಿ ಒತ್ತಿದ. ಟಪ್ಪೆಂದು ಬಾಗಿಲು ಮುಚ್ಚಿಕೊಂಡಿತು. ತಿರುಗಿ ನೋಡಿ, ಮಾಸ್ಕಿನೊಳಗಿಂದಲೇ ಕೂಗಿದ.

“ಇನ್ನೇನಾದ್ರೂ ಇದೆಯಾ, ಮೇಡಂ?”

“ಐತಿ,” ಎಂದಳು ಇಂದುಮತಿ, ಬನ್ನಿಯನ್ನು ಗಾಜಿನಿಂದ ತೆಗೆದು ಮುಷ್ಟಿಯಲ್ಲಿ ಹಿಡಿಯುತ್ತ. “ಗ್ಲೌಸ್ ತಗದು ಹೊರಗ ಬರ್ರಿ. ಬನ್ನಿ ಕೈಗೆ ಕೊಡಬೇಕು.”